ಕತ್ತಲೆಕೊರಕಲಿನ ಕೂ

ತಿಪ್ಪಮ್ಮ ತನ್ನ ಓರಗಿತ್ತಿ ದುರುಗಕ್ಕನ ಜೊತೆ ಕೊರಕಲು ಹತ್ತಲು ಒಪ್ಪಿಕೊಂಡಳೆಂದು ಕೇಳಿ ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಷ್ಟು ವರ್ಷ ದುರುಗಕ್ಕನ ನೆರಳು ಕಂಡರೂ ಬಾಗಿಲು ಹಾಕಿಕೊಳ್ಳುತ್ತಿದ್ದವಳು ಇವಳೇನಾ ಅಂದರು. ಅತ್ತೆ ಅನ್ನಪೂರ್ಣಮ್ಮನಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಣ್ಣು ಮುಚ್ಚುವುದರೊಳಗೆ ಸೊಸೆಯರಿಬ್ಬರೂ ಒಂದಾದರಲ್ಲ ಎಂದು ಸಿದ್ದೇಶನಿಗೆ ಕೈಮುಗಿದಳು. ಮುಗಿಯಲಿ ಪಾಪ. ತಿಪ್ಪಮ್ಮನ ಹೊಟ್ಟೆಯೊಳಗೆ ಏನಿದೆಯೆಂದು ಆ ಸಿದ್ದೇಶನಿಗೂ ಗೊತ್ತಿರಲಿಲ್ಲ.

ಉಬ್ರಾಣಿ ಊರಿನ ಹಿಂದೆ ಎದ್ದಿರುವ ಗುಡ್ಡದ ನೆತ್ತಿಯ ಸಿದ್ದೇಶನ ಗುಡಿಗೆ ಎರಡು ದಾರಿ. ಬೆನ್ನಿನ ಕಡೆಯಿಂದ ಸುತ್ತಿಕೊಂಡು ಹೋಗುವುದು ಗಾಡಿಜಾಡು, ಈಗ ಅದರಲ್ಲಿ ಟ್ರ್ಯಾಕ್ಟರೂ ಹತ್ತುತ್ತದೆ. ಇನ್ನೊಂದು ಕತ್ತಲೆಕೊರಕಲು. ಎರಡೂ ಕಡೆ ಬಂಡೆಗೋಡೆ, ನಡುವೆ ಉರುಳುಗಲ್ಲು, ಕೈಯೂರಿಯೇ ಹತ್ತಬೇಕಾದ ಕಡಿದಾದ ಏರು. ಕಾರ್ತಿಕದ ಕೊನೆಯ ಸೋಮವಾರ ಹರಕೆ ಹೊತ್ತವರು ಅಲ್ಲಿಂದ ಹೋಗುತ್ತಾರೆ. ಸೀತಾಫಲದ ಕಾಲದಲ್ಲಿ ಹಣ್ಣು ಕೀಳುವ ಹೆಂಗಸರು ಹೋಗುತ್ತಾರೆ. ಹಣ್ಣಿಗೆ ಕರಡಿಯೂ ಬರುತ್ತದೆ. ಹಾಗಾಗಿ ಅಲ್ಲಿಗೆ ಯಾರೂ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಮುಂದಿರುವವಳು ತಿರುವಿಗೊಮ್ಮೆ ಕೂ ಹಾಕಬೇಕು, ಹಿಂದಿರುವವಳು ಕೂ ಅನ್ನಬೇಕು. ಹಿಂದಿನ ಕೂ ಬರದಿದ್ದರೆ ಮುಂದಿನವಳು ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ, ಇಳಿದು ಹೋಗಿ ನೋಡಬೇಕು. ಕೊರಕಲು ಕೊಳವೆಯಂಥದ್ದು, ಕೆಳಗೆ ಕೆಮ್ಮಿದರೆ ನೆತ್ತಿಯಲ್ಲಿ ಕೇಳುತ್ತದೆ. ಮೇಲಿನಿಂದ ಆಡಿದ ಮಾತು ಮಾತ್ರ ಗಾಳಿಗೆ ಚದುರಿಹೋಗುತ್ತದೆ. ಕೆಳಗೆ ಇಳಿಯುವುದು ಕೂ ಒಂದೇ.

ಹಲವು ವರ್ಷಗಳ ಹಿಂದೆ ಇಬ್ಬರೂ ಸಂತೇಬೆನ್ನೂರು ಸಂತೆಗೆಂದು ಹಣ್ಣು ಕೀಳಲು ಹೋಗಿದ್ದರು. ದುರುಗಕ್ಕ ಮೇಲಿನ ತಿರುವಿನಲ್ಲಿದ್ದಳು, ತಿಪ್ಪಮ್ಮ ಕೆಳಗೆ ಹಾಸುಬಂಡೆಯ ಹತ್ತಿರ. ಪೊದೆ ಅಲ್ಲಾಡಿದ್ದು ನೋಡಿ ತಿಪ್ಪಮ್ಮ ಕೂ ಹಾಕಿದಳು. ಕರಡಿ ಮೈಮೇಲೆ ಬಂದಾಗಲೂ ಹಾಕಿದಳು. ಮೇಲಿನಿಂದ ಉಸಿರಿಲ್ಲ. ಆಡು ಕಾಯುವ ಮೂಕಪ್ಪ ಕೊಡಲಿ ಹಿಡಿದು ಓಡಿಬರದಿದ್ದರೆ ಅವತ್ತೇ ಅವಳ ಕಥೆ ಮುಗಿಯುತ್ತಿತ್ತು. ದುರುಗಕ್ಕ ನೆತ್ತಿ ಹತ್ತಿ ಗಾಡಿಜಾಡಿನಲ್ಲಿಳಿದು ಆಗಲೇ ಮನೆ ಸೇರಿದ್ದಳು. ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು, ನನಗೆ ಕೇಳಲಿಲ್ಲ ಅಂತ.

ಎಡಗೆನ್ನೆ ಹರಿದು, ಬಾಯಿಯ ಮೂಲೆ ಸೀಳಿ, ಹೊಲಿಗೆ ಬಿದ್ದ ಮೇಲೆ ತಿಪ್ಪಮ್ಮ ಕುಡಿದ ಚಹಾ ಅರ್ಧ ಕುತ್ತಿಗೆಗೆ ಇಳಿಯತೊಡಗಿತು. ಅದನ್ನಾದರೂ ಸಹಿಸಿಕೊಂಡಾಳು. ಅವಳು ಊರಿನ ಸೋಬಾನೆಯ ದನಿಯಾಗಿದ್ದವಳು. ಹಸೆಯ ಮುಂದೆ ಅವಳು ಪದ ಎತ್ತದೆ ಆ ಓಣಿಯಲ್ಲಿ ಒಂದು ಮದುವೆಯೂ ಆಗಿರಲಿಲ್ಲ. ಈಗ ಬಾಯಿ ತೆರೆದರೆ ಪದಕ್ಕಿಂತ ಮೊದಲು ಗಾಳಿ ಹೊರಡುತ್ತಿತ್ತು. ಅವಳ ಜಾಗದಲ್ಲಿ ಕುಳಿತು ಪದ ಹೇಳತೊಡಗಿದವಳು ಯಾರು? ಅದೇ ದುರುಗಕ್ಕ. ಅದೂ ತಿಪ್ಪಮ್ಮನೇ ಕಲಿಸಿದ ಪದಗಳನ್ನು. ಮದುವೆ ಮನೆಯಿಂದ ಆ ದನಿ ತೇಲಿಬಂದಾಗಲೆಲ್ಲ ತಿಪ್ಪಮ್ಮ ಒಳಕೋಣೆಯಲ್ಲಿ ಹಲ್ಲು ಕಚ್ಚಿ ಕೂರುತ್ತಿದ್ದಳು. ಇವಳಿಗೆ ಕೇಳಿತ್ತು, ಕೇಳಿಯೂ ಓಡಿದಳು, ಅದನ್ನು ಇವಳ ಬಾಯಿಂದಲೇ ಊರಿನ ಮುಂದೆ ಹೊರಡಿಸದಿದ್ದರೆ ನಾನು ತಿಪ್ಪಮ್ಮನೇ ಅಲ್ಲ ಅಂದುಕೊಳ್ಳುತ್ತಿದ್ದಳು.

ಈ ಸಲ ತನ್ನ ಸೊಸೆ ರಮ್ಯಶ್ರೀಯ ಹೆರಿಗೆ ಸುಸೂತ್ರವಾಗಿ ಆಯಿತೆಂದು ದುರುಗಕ್ಕ ಕೊರಕಲಿನ ಹರಕೆ ತೀರಿಸಬೇಕಿತ್ತು. ಜೊತೆಗೆ ಬರಲು ಹೆದರಿ ಒಬ್ಬೊಬ್ಬರೂ ಒಂದೊಂದು ನೆವ ಹೇಳಿದರು. ತಿಪ್ಪಮ್ಮ ತಾನಾಗಿ ಹೋಗಿ, ನಾನು ಬರುತ್ತೇನೆ ಅಂದಳು. ಅವಳ ಲೆಕ್ಕ ಸರಳವಾಗಿತ್ತು. ಮೇಲಿನ ತಿರುವಿಗಿಂತ ಕೆಳಗೆ ಮೂಕಪ್ಪನ ಆಡುಗಳು ನುಸುಳುವ ಒಂದು ಸಂದು ಇತ್ತು, ನೇರ ಗುಡಿಯ ಹಿಂದಕ್ಕೆ ಏಳುತ್ತಿತ್ತು. ಅಲ್ಲಿಂದ ಹತ್ತಿ ಕೂರುವುದು. ಕೂ ಅನ್ನದಿರುವುದು. ದುರುಗಕ್ಕ ಹಳೇ ಚಾಳಿಯಂತೆ ಬಿಟ್ಟು ಬಂದು, ನನಗೆ ಕೇಳಲಿಲ್ಲ ಅಂತ ಹೆಂಗಸರ ಮುಂದೆ ಶುರುಮಾಡಿದಾಗ ಎದ್ದು ಬಂದು ಎದುರಿಗೆ ನಿಲ್ಲುವುದು.

ಸೋಮವಾರ ಬಿಸಿಲೇರುವ ಮೊದಲೇ ಹೊರಟರು. ಉಳಿದವರು ಎಣ್ಣೆ, ಬತ್ತಿ, ಬುತ್ತಿ ಹೊತ್ತು ಗಾಡಿಜಾಡು ಹಿಡಿದರು. ಕೊರಕಲಿನಲ್ಲಿ ದುರುಗಕ್ಕ ಮುಂದೆ, ತಿಪ್ಪಮ್ಮ ಹಿಂದೆ. ಹಾಸುಬಂಡೆ ಬಂದಾಗ ದುರುಗಕ್ಕ ಅತ್ತ ನೋಡದೆ ಸರಸರ ದಾಟಿದಳು. ತಿಪ್ಪಮ್ಮ ಬೇಕೆಂದೇ ನಿಂತು ನೋಡಿದಳು. ಇನ್ನೂ ಮೇಲೆ ಒಂದು ಬಂಡೆಗೆ ಕಾಲಿಡಲು ಜಾಗವೇ ಇರಲಿಲ್ಲ. ಮೊದಲು ಹತ್ತಿದ ದುರುಗಕ್ಕ ಬಗ್ಗಿ ಕೈ ಚಾಚಿದಳು.

"ಹಿಡ್ಕ. ಜಾರತೈತೆ."

ತಿಪ್ಪಮ್ಮ ಹಿಡಿದಳು. ದುರುಗಕ್ಕ ಬಿಡಲಿಲ್ಲ. "ನೀ ಬರ್ತೀನಿ ಅಂದಾಗಿಂದ ನಂಗೆ ನಿದ್ದಿಲ್ಲ ಕಣೇ. ನಿನ್ಹತ್ರ ಒಂದು ಮಾತು ಆಡಾಕೈತೆ," ಅಂದಳು.

ಮೇಲೆ ಹೋಗಿ ಆಡೋಣ ನಡಿ ಎಂದು ತಿಪ್ಪಮ್ಮ ಕೈ ಕಿತ್ತುಕೊಂಡಳು. ಮಾತಂತೆ ಮಾತು. ಇಷ್ಟು ವರ್ಷ ಒಳಗಿಟ್ಟುಕೊಂಡವಳಿಗೆ ಈಗ ಯಾರೂ ಇಲ್ಲದ ಕಡೆ ಆಡಿ ಹಗುರಾಗುವ ಆಸೆ. ಆ ಸುಖ ಇವಳಿಗೆ ಕೊಡಬಾರದು ಅನ್ನಿಸಿತು.

ದುರುಗಕ್ಕ ತಿರುವು ದಾಟಿ ಮರೆಯಾದಳು. ಮೇಲಿನಿಂದ ಕೂ ಬಂತು. ತಿಪ್ಪಮ್ಮ ಆಡಿನ ಸಂದಿಗೆ ನುಸುಳಿದಳು. ಇನ್ನೊಂದು ಕೂ ಬಂತು, ಸ್ವಲ್ಪ ಗಟ್ಟಿಯಾಗಿ. ಮೊಣಕಾಲು ತರಚಿ, ಸೀರೆ ಮುಳ್ಳಿಗೆ ಸಿಕ್ಕಿ ಹರಿದರೂ ತಿಪ್ಪಮ್ಮನಿಗೆ ಒಳಗೊಳಗೇ ಹಿಗ್ಗು. ಕೂಗು, ಕೂಗು, ಉತ್ತರ ಬರದಿದ್ದರೆ ಹೆಂಗಿರುತ್ತದೆ ನೋಡು ಅಂದುಕೊಂಡಳು. ಗುಡಿಯ ಹಿಂದೆ ಹೊರಬಿದ್ದು ನಾಗರಕಲ್ಲಿನ ಮರೆಯಲ್ಲಿ ಕುಳಿತಳು. ಗುಡಿಯ ಮುಂದೆ ಹೆಂಗಸರು ಹಣತೆ ಜೋಡಿಸುತ್ತಿದ್ದರು.

ದುರುಗಕ್ಕ ಬರಲಿಲ್ಲ. ಹಣತೆಗೆಲ್ಲ ಎಣ್ಣೆ ಹಾಕಿಯಾಯಿತು, ಇನ್ನೂ ಬರಲಿಲ್ಲ. ಕೂ ಮಾತ್ರ ಬರುತ್ತಿತ್ತು. ಅದು ಹತ್ತಿರವಾಗುವ ಬದಲು ದೂರವಾಗುತ್ತಿತ್ತು. ಅವಳು ಹತ್ತುತ್ತಿಲ್ಲ, ಇಳಿಯುತ್ತಿದ್ದಾಳೆ ಎಂದು ತಿಪ್ಪಮ್ಮನಿಗೆ ಹೊಳೆಯಿತು. ದನಿ ಒಡೆದು ಈಗ ಹಾಸುಬಂಡೆಯ ಕಡೆಯಿಂದ ಬರುತ್ತಿತ್ತು. ಹೆಂಗಸರೆಲ್ಲ ಬಂಡೆಯಂಚಿಗೆ ಓಡಿದರು. ಅಷ್ಟರಲ್ಲಿ ಕೊರಕಲು ಆ ಮಾತನ್ನು ಒಂದಕ್ಷರ ಬಿಡದೆ ಮೇಲಕ್ಕೆ ತಂದಿತು.

"ತಿಪ್ಪೀ, ಅವತ್ತು ನಂಗೆ ಕೇಳಿತ್ತು ಕಣೇ. ಕೇಳಿದ್ರೂ ಓಡಿಹೋದೆ. ಇವತ್ತು ಬಿಟ್ಟು ಹೋಗಾಕಿಲ್ಲ. ಎಲ್ಲಿದ್ದೀಯೇ, ಕೂ ಅನ್ನೇ."

ಇದೇ ಮಾತು. ಇದೇ ಬಾಯಿ, ಇದೇ ಹೆಂಗಸರ ಮುಂದೆ. ಹಗಲೂ ರಾತ್ರಿ ಬೇಡಿದ್ದು ಕೈಗೆ ಬಂದಿತ್ತು. ತಿಪ್ಪಮ್ಮ ಎದ್ದು ನಿಂತಳು. ಹೆಂಗಸರು ತಿರುಗಿ ನೋಡಿದರು. ಯಾರೂ ಕೆಳಗಿದ್ದವಳನ್ನು ಬೈಯಲಿಲ್ಲ. ಇವಳ ಹರಿದ ಸೀರೆಯನ್ನು, ಸಂದಿನ ಬಾಯಿಯನ್ನು ನೋಡಿದರು. ಅನ್ನಪೂರ್ಣಮ್ಮ ಹತ್ತಿರ ಬಂದಳು.

"ಅವ್ಳು ಆವಾಗಿಂದ ಕರೀತಾ ಅದಾಳೆ. ನಿಂಗೆ ಕೇಳಲಿಲ್ವೇನೇ?"

"ನಂಗೆ ಕೇಳಲಿಲ್ಲ," ಅಂದಳು ತಿಪ್ಪಮ್ಮ.

ಅಂದ ಮೇಲೆ ತಾನು ಅಂದದ್ದು ಅವಳಿಗೇ ಕೇಳಿಸಿತು. ಅನ್ನಪೂರ್ಣಮ್ಮ ಅಂಚಿಗೆ ಹೋಗಿ ತಾನೇ ಕೂ ಹಾಕಿದಳು. ಉಳಿದವರೂ ಹಾಕಿದರು. ಅವಳಿಲ್ಲೇ ಇದ್ದಾಳೆ, ಹತ್ತಿ ಬಾ ಎಂದು ಕೂಗಿದ ಮಾತೆಲ್ಲ ಗಾಳಿಗೆ ಹೋಯಿತು. ಕೆಳಗೆ ಪೊದೆ ಸರಿಸುವ ಸದ್ದು ನಿಲ್ಲಲಿಲ್ಲ. ದುರುಗಕ್ಕನಿಗೆ ಬೇರೆಯವರ ಕೂ ಬೇಕಿರಲಿಲ್ಲ. ಗಾಳಿ ಸೋರುವ ಆ ಒಂದು ಕೂ ಕೇಳುವ ತನಕ ಅವಳು ಹತ್ತುವವಳಲ್ಲ, ಕರಡಿ ಬಂದರೂ ಅಲ್ಲಿಂದ ಕದಲುವವಳಲ್ಲ.

ತಿಪ್ಪಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಾಳಾದವಳು, ಇದರಲ್ಲೂ ನನ್ನನ್ನು ಸೋಲಿಸಿದಳಲ್ಲ ಅನ್ನಿಸಿ ಅಳು ಉಕ್ಕಿಬಂತು. ಹೆಂಗಸರನ್ನು ಸರಿಸಿಕೊಂಡು ಅಂಚಿಗೆ ಬಂದಳು. ಅಷ್ಟು ಜನರ ಎದುರಿಗೆ ಮುಖಕ್ಕೆ ಮುಚ್ಚಿಕೊಂಡಿದ್ದ ಸೆರಗು ತೆಗೆದು, ಹರಿದ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂ ಹಾಕಿದಳು.

ಕೆಳಗಿನಿಂದ ಉತ್ತರ ತಕ್ಷಣ ಬಂತು.