ಪ್ಯಾರಿಸಿನಲ್ಲಿ ಎರಡು ಗಂಟೆ

ರಂಜಾನಿನ ಎಂಟನೆಯ ದಿನ, ಬಿಸಿಲು ಇಳಿಯುವ ಹೊತ್ತಿಗೆ, ಗೆಳೆಯ ತೀಜಾನಿ ನಮ್ಮ ಮನೆಗೆ ಬಂದು ಮಡಿಸಿದ ಒಂದು ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟ. ಕೂರಲಿಲ್ಲ. ಅಂಗಳದ ಅಂಜೂರದ ಮರಕ್ಕೆ ಒರಗಿ ನಿಂತ.

“ಓದು,” ಅಂದ. “ಮೂವತ್ತೊಂದು ವರ್ಷ ರೈಲಿಗೆ ಬಾವುಟ ತೋರಿಸಿದವನು ನೀನು. ಇದರಲ್ಲಿ ಏನು ಮೋಸ ಇದೆ ಹೇಳು.”

“ಮೋಸ ಇದೆ ಅಂತ ಯಾರಂದ್ರು?”

“ಇಲ್ಲದಿದ್ರೆ ಇಷ್ಟು ಚೆಂದದ ಅಕ್ಷರದಲ್ಲಿ ಯಾಕೆ ಬರೀತಿದ್ದ?”

ಬರೆದವನು ಲಮ್ಜದ್. ಪಕ್ಕದ ಊರಿನವರ ಮೊಮ್ಮಗ, ಹುಟ್ಟಿ ಬೆಳೆದದ್ದು ಬ್ರಸೆಲ್ಸಿನಲ್ಲಿ, ಅಲ್ಲಿ ಟ್ರಾಮ್ ಓಡಿಸುತ್ತಾನೆಂದು ಹೇಳಿಕೆ. ಹೋದ ಬೇಸಿಗೆಯಲ್ಲಿ ಒಂದು ಮದುವೆಗೆ ಬಂದವನು ತೀಜಾನಿಯ ಒಬ್ಬಳೇ ಮಗಳು ನಝೀಹಾಳನ್ನು ನೋಡಿ, ಮನೆಯವರಿಂದ ಹೆಣ್ಣು ಕೇಳಿಸಿದ್ದ. ಅವಳಿಗೂ ಮನಸ್ಸಿತ್ತು. ರಂಜಾನಿನ ಇಪ್ಪತ್ತೇಳನೆಯ ರಾತ್ರಿ ಫಾತಿಹಾ ಓದಿ ನಿಶ್ಚಯ ಮಾಡಿಬಿಡೋಣ ಅಂತ ಹುಡುಗನ ಕಡೆಯವರ ಆತುರ.

ಆದರೆ ಹೆಣ್ಣಿನ ಕಡೆಯವರು ಹುಡುಗನ ಬಗ್ಗೆ ಕೇಳಿಕೊಂಡು ಬರದೆ ನಮ್ಮಲ್ಲಿ ಫಾತಿಹಾ ಓದುವುದಿಲ್ಲ. ಹುಡುಗನ ಬೀದಿಗೆ ಹೋಗಬೇಕು. ರೊಟ್ಟಿ ಸುಡುವವನನ್ನು, ಕಾಫಿ ಅಂಗಡಿಯವನನ್ನು, ಮಸೀದಿಯ ಬಾಗಿಲಲ್ಲಿ ಕೂತ ಮುದುಕರನ್ನು ಮಾತಿಗೆಳೆಯಬೇಕು. ಹಿಂದೆ ನನ್ನ ಬಗ್ಗೆ ಕೇಳಿಕೊಂಡು ಹೋಗಲು ಬಂದ ನನ್ನ ಮಾವ, ಬಾರದ ರೈಲಿಗೆ ಕಾಯುವವನ ಹಾಗೆ ಎರಡು ದಿನ ನಮ್ಮ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ನಾನೇ ಅವರಿಗೆ ನೀರು ಕೊಟ್ಟಿದ್ದೆ.

ಬ್ರಸೆಲ್ಸಿಗೆ ಹಾಗೆ ಹೆಗಲಿಗೆ ಚೀಲ ಹಾಕಿಕೊಂಡು ಹೋಗಲಾಗುವುದಿಲ್ಲ. ಸಮುದ್ರದಾಚೆ ಮಾರ್ಸೇಲಿನಲ್ಲಿರುವ ತಂಗಿ ಮುಂಜಿಯಾ ಕರೆಸಿಕೊಂಡಿದ್ದರಿಂದ ತೀಜಾನಿಗೆ ವೀಸಾ ಸಿಕ್ಕಿತ್ತು. ವಿಮಾನದಲ್ಲಿ ಅಲ್ಲಿಗೆ, ಅಲ್ಲಿಂದ ಮುಂದೆ ರೈಲು. ಆ ರೈಲುಗಳ ವಿವರವನ್ನೇ ಲಮ್ಜದ್ ಬರೆದು, ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದ್ದ.

ಕನ್ನಡಕ ಹಾಕಿಕೊಂಡು ಓದಿದೆ. ರಂಜಾನಿನ ಇಪ್ಪತ್ತನೆಯ ದಿನ ಸಂಜೆ ನಾಲ್ಕಕ್ಕೆ ಮಾರ್ಸೇಲ್ ಬಿಡುವುದು, ಏಳೂ ಇಪ್ಪತ್ತಕ್ಕೆ ಪ್ಯಾರಿಸ್. ಅಲ್ಲಿ ನಿಲ್ದಾಣ ಬದಲಿಸಿ ಒಂಬತ್ತೂ ಇಪ್ಪತ್ತೈದಕ್ಕೆ ಇನ್ನೊಂದು ಗಾಡಿ, ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ ಬ್ರಸೆಲ್ಸ್. ಮರುದಿನದ ಜಾಗ ಖಾಲಿ. ಅದರ ಮರುದಿನ ಬೆಳಿಗ್ಗೆ ವಾಪಸು.

ಎರಡನೆಯ ಸಲ ಓದುವಾಗ ನನ್ನ ಬೆರಳು ಪ್ಯಾರಿಸಿನಲ್ಲಿ ನಿಂತಿತು. ಎಳೆಯ ವಯಸ್ಸಿನಲ್ಲಿ ರೈಲ್ವೆಯವರು ನನ್ನನ್ನು ನಲವತ್ತು ದಿನದ ತರಬೇತಿಗೆ ಅಲ್ಲಿಗೆ ಕಳಿಸಿದ್ದರು. ಆ ನಲವತ್ತು ದಿನವನ್ನು ನಲವತ್ತು ವರ್ಷ ತಿಂದುಕೊಂಡು ಬಂದಿದ್ದೇನೆ ಅಂತ ನನ್ನ ಹೆಂಡತಿ ಹೇಳುತ್ತಾಳೆ.

“ಎರಡು ಗಂಟೆ ಯಾಕೆ?” ಅಂದೆ. “ಆ ನಿಲ್ದಾಣದಿಂದ ಈ ನಿಲ್ದಾಣಕ್ಕೆ ನೆಲದಡಿ ಗಾಡೀಲಿ ಎರಡೇ ಸ್ಟಾಪು. ನಿನ್ನ ಮಂಡಿ ಲೆಕ್ಕ ಹಿಡಿದರೂ ಅರ್ಧ ಗಂಟೆ.”

ತೀಜಾನಿ ಮರ ಬಿಟ್ಟು ಹತ್ತಿರ ಬಂದ. “ಅಂದ್ರೆ?”

“ಅಂದ್ರೆ ಎಂಟೂವರೆ ಒಳಗೆ ಹೊರಡೋ ಗಾಡಿ ಇದ್ದೇ ಇರುತ್ತೆ. ಹಿಡಿದ್ರೆ ಜನ ಓಡಾಡೋ ಹೊತ್ತಿಗೇ ಅಲ್ಲಿರ್ತೀಯ. ಈ ಹುಡುಗ ನಿನ್ನ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಇಳಿಸ್ತಾನೆ.”

“ಹ್ಞಾ!” ಅಂದ ತೀಜಾನಿ, ಕಳೆದುಹೋದ ಕುರಿ ಸಿಕ್ಕವನ ಹಾಗೆ. “ಕತ್ತಲಲ್ಲಿ ಕತ್ತೆ ಮಾರೋನು ಅದರ ಹಲ್ಲು ತೋರಿಸ್ತಾನಾ?”

“ಉಪವಾಸ ಬಿಡೋದಕ್ಕೆ ಅಂತ ಹೊತ್ತು ಇಟ್ಟಿರಬಹುದೋ ಏನೋ.”

“ಹೊತ್ತು ಮುಳುಗಿ ಮಗ್ರಿಬ್ ಆಗೋದು ಆರೂ ನಲವತ್ತಕ್ಕೆ. ಆಗ ನಾನಿನ್ನೂ ಮೊದಲನೇ ಗಾಡೀಲೇ ಇರ್ತೀನಿ. ಖರ್ಜೂರ ಜೇಬಲ್ಲಿರುತ್ತೆ, ಬಾಯಿಗೆ ಹಾಕ್ಕೋತೀನಿ, ಮುಗೀತು.”

ಅದೂ ಸರಿ ಅನ್ನಿಸಿತು. ಪ್ರಯಾಣ ಮಾಡುವವನು ಉಪವಾಸ ಹಿಡಿಯದಿದ್ದರೂ ನಡೆಯುತ್ತದೆಂದು ಧರ್ಮವೇ ಹೇಳುತ್ತದೆ. ಆದರೆ ತೀಜಾನಿ ಯಾರು ಕೊಟ್ಟ ರಿಯಾಯಿತಿಯನ್ನೂ ತೆಗೆದುಕೊಂಡವನಲ್ಲ. ಹಾಳೆ ಮಡಿಸುವಾಗ ಹಿಂದಿನ ಬದಿ ಕಂಡಿತು. ನಮ್ಮಲ್ಲಿ ಔಷಧಿ ಅಂಗಡಿಯವರು ಹಂಚುವಂಥ ರಂಜಾನಿನ ವೇಳಾಪಟ್ಟಿ, ಬ್ರಸೆಲ್ಸಿನ ಮಸೀದಿಯದು.

“ನೋಡಿದ್ಯಾ ಮರ್ಯಾದೆ,” ಅಂದ ತೀಜಾನಿ. “ಮಾವ ಆಗೋನಿಗೆ ರದ್ದಿ ಕಾಗದದ ಹಿಂಭಾಗ.”

ಅವನು ಕೇಳಿದಂತೆ ನಾನು ಬೇರೆ ಲೆಕ್ಕ ಹಾಕಿಕೊಟ್ಟೆ. ಹುಡುಗನಿಗೆ ಹೇಳದೆ ಒಂದು ದಿನ ಮೊದಲೇ ಹೊರಡುವುದು, ಮಾರ್ಸೇಲಿನಿಂದ ಬೆಳಗಿನ ಗಾಡಿ, ಮಧ್ಯಾಹ್ನದ ಬಿಸಿಲಲ್ಲೇ ಅವನ ಬೀದಿಗೆ ಕಾಲಿಡುವುದು. ಬಹಳ ದಿನದ ಮೇಲೆ ಗೆರೆ ಎಳೆದು, ಬರುವುದು ಹೋಗುವುದು ಬೇರೆ ಬೇರೆ ಬರೆದೆ. ಕೈಗೆ ಹಿತವಾಯಿತು. ಆ ಹಿತದಲ್ಲಿ ಇನ್ನೊಬ್ಬರ ಮಗಳ ವಿಷಯ ಮರೆತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅನುಮಾನಕ್ಕೆ ಉಪವಾಸವಿಲ್ಲ. ಮುಂದಿನ ಐದು ದಿನ ತೀಜಾನಿ ಆ ಎರಡು ಗಂಟೆಯೊಳಗೆ ಒಂದು ಸಂಸಾರವನ್ನೇ ಕಟ್ಟಿದ. ಒಂದು ದಿನ, ಬ್ರಸೆಲ್ಸಿನಲ್ಲಿ ಲಮ್ಜದನಿಗೆ ಮೊದಲ ಹೆಂಡತಿ ಇರಬಹುದು, ಅವಳನ್ನು ಮನೆಯಿಂದ ಸಾಗಿಸಲು ಹೊತ್ತು ಬೇಕು ಅಂದ. ಮರುದಿನ, ಅವನು ಟ್ರಾಮ್ ಓಡಿಸುವುದೇ ಸುಳ್ಳು ಅಂದ. “ಟ್ರಾಮ್ ಓಡಿಸೋನಿಗೆ ರೈಲಿನ ಹೊತ್ತು ತಿಳಿಯೋದಿಲ್ವಾ?” ನಾನು ಇರಲಾರದು ಅಂದೆ, ಆದರೆ ಗಟ್ಟಿಯಾಗಿ ಅನ್ನಲಿಲ್ಲ. ಆ ಎರಡು ಗಂಟೆಯನ್ನು ಹುಡುಕಿಕೊಟ್ಟವನು ನಾನೇ ಅಲ್ಲವೇ.

ತೀಜಾನಿಯ ಉಗ್ರಾಣದಲ್ಲಿ ಈ ವರ್ಷದ ಮೊದಲ ಗಾಣದ ಆಲಿವ್ ಎಣ್ಣೆ, ಐದು ಲೀಟರಿನ ತಗಡಿನ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ ಕೂತಿತ್ತು. ಬೀಗರ ಮನೆಗೆ ಕೊಂಡೊಯ್ಯುವುದೆಂದು ತೆಗೆದಿಟ್ಟದ್ದು. ಒಪ್ಪಿದ ಮನೆಗೆ ಮಾತ್ರ ನಮ್ಮಲ್ಲಿ ಮೊದಲ ಗಾಣದ ಎಣ್ಣೆ ಹೋಗುತ್ತದೆ. ಆರನೆಯ ದಿನ ಅವನು ಬಂದು, “ಆ ಎಣ್ಣೆ ತಿರುಗಿ ಮಡಕೆಗೆ ಸುರಿ ಅಂತ ಮಗಳಿಗೆ ಹೇಳಿ ಬಂದೆ. ನಾನು ಹೋಗೋದಿಲ್ಲ. ನಾಳೆ ಅವರಿಗೆ ಇಲ್ಲ ಅಂತೀನಿ,” ಅಂದ.

ಅವನ ಮಾತು ಮುಗಿಯುವ ಮೊದಲೇ ಅಂಗಳದ ಬಾಗಿಲಲ್ಲಿ ನಝೀಹಾ ಕಾಣಿಸಿಕೊಂಡಳು. ತಲೆವಸ್ತ್ರ ಸರಿಯಾಗಿ ಕಟ್ಟಿರಲಿಲ್ಲ, ಕೈಗೆ ಹಿಟ್ಟು ಮೆತ್ತಿತ್ತು.

“ಅಪ್ಪ, ಎಣ್ಣೆ ನಾನು ಸುರಿಯೋದಿಲ್ಲ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಖಮೈಸ್ ಮಾಮ, ನೀವು ಕಂಡುಹಿಡಿದದ್ದು ಏನು ಅಂತ ನನಗೂ ತೋರಿಸಿ. ಇಡೀ ಊರಿಗೆ ಗೊತ್ತು, ನನಗೆ ಗೊತ್ತಿಲ್ಲ.”

ಹಾಳೆ ಕೊಟ್ಟೆ. ಎರಡು ಗಂಟೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಲಿಲ್ಲ. ಹಾಳೆಯನ್ನು ತಿರುವಿ, ಹಿಂದಿನ ಬದಿಯ ಪಟ್ಟಿಯಲ್ಲಿ ಬೆರಳು ಇಳಿಸುತ್ತಾ ಇಪ್ಪತ್ತನೆಯ ದಿನದ ಸಾಲಿಗೆ ಬಂದಳು. ಆ ಸಾಲಿನ ಸುತ್ತ ಅದೇ ಶಾಯಿಯಲ್ಲಿ ಒಂದು ಗೆರೆ ಎಳೆದಿತ್ತು.

“ಮಗ್ರಿಬ್ ಎಷ್ಟು ಗಂಟೆಗೆ ಅಂತ ಓದಿ, ಮಾಮ.”

ಓದಿದೆ. ಎಂಟೂ ಇಪ್ಪತ್ತೆಂಟು.

ಮೂವತ್ತೊಂದು ವರ್ಷ ನಿಮಿಷ ಎಣಿಸಿದವನ ಮುಖಕ್ಕೆ ರಕ್ತ ಏರಿತು. ಮಾರ್ಚಿನ ಕೊನೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನಾವು ಇಡುವುದಿಲ್ಲ. ಮೇಲಾಗಿ ಆ ಉತ್ತರದ ಸೂರ್ಯ ವಸಂತದಲ್ಲಿ ಎದ್ದುಹೋಗಲು ಮನಸ್ಸಿಲ್ಲದ ನೆಂಟನ ಹಾಗೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಸೂರ್ಯ ಮುಳುಗುವುದು ನಮ್ಮ ಮಸೀದಿಯ ಗೋಪುರದ ಹಿಂದೆಯೇ ಎಂದುಕೊಂಡು ಪರದೇಶದ ರೈಲಿನ ಲೆಕ್ಕ ಹಾಕಿದ್ದೆ.

“ಏಳೂ ಇಪ್ಪತ್ತಕ್ಕೆ ಇಳೀತೀಯ, ನಿಧಾನವಾಗಿ ಆ ನಿಲ್ದಾಣಕ್ಕೆ ಹೋಗ್ತೀಯ,” ಅಂದಳು ನಝೀಹಾ ಅಪ್ಪನಿಗೆ. “ಎಂಟೂವರೆ ಹೊತ್ತಿಗೆ ಕೂತು ಬಿಸಿ ಸಾರು ಕುಡಿದು, ನಮಾಜು ಮಾಡಿ ಗಾಡಿ ಹತ್ತು ಅಂತ. ಓಡೋ ಗಾಡೀಲಿ ನಿಂತ್ಕೊಂಡು ಖರ್ಜೂರ ನುಂಗಬೇಡ ಅಂತ. ರದ್ದಿ ಕಾಗದ ಅಂದ್ಯಂತಲ್ಲ, ಅದೇ ಉತ್ತರ.”

ತೀಜಾನಿ ಹಾಳೆ ಕಿತ್ತುಕೊಂಡು ಆ ಬದಿ ಈ ಬದಿ ನೋಡಿದ. ಕೊನೆಗೆ, “ಸರಿ,” ಅಂದ. “ಮರುದಿನ ಯಾಕೆ ಖಾಲಿ?”

ನಝೀಹಾ ತಲೆವಸ್ತ್ರದ ಸೆರಗಿನಲ್ಲಿ ಕೈಯ ಹಿಟ್ಟು ಒರೆಸಿಕೊಂಡಳು. “ನೀನು ಬೀದೀಲಿ ಕೇಳ್ಕೊಂಡು ಬರೋದಕ್ಕೆ. ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೂ ಡ್ಯೂಟಿ ಹಾಕಿಸ್ಕೊಂಡಿದಾನೆ, ನಿನ್ನ ಎದುರಿಗೆ ಇರಬಾರದು ಅಂತ.”

“ಫೋನಲ್ಲಿ ನೀನು ಹೇಳಿದ್ಯಾ ನಾನು ಕೇಳೋಕೆ ಬರ್ತೀನಿ ಅಂತ?”

“ಹೇಳೋದೇನು? ಹೆಣ್ಣಿನ ಅಪ್ಪ ಯಾತಕ್ಕೆ ಬರ್ತಾನೆ, ಊರು ನೋಡೋಕಾ?”

ತೀಜಾನಿಯ ಹುಬ್ಬು ಮತ್ತೆ ಗಂಟಾಯಿತು. ಇಷ್ಟು ಬೇಗ ಬರಿಗೈಯಲ್ಲಿ ಉಳಿಯುವುದು ಅವನಿಗೆ ಬೇಕಿರಲಿಲ್ಲ. “ಹಾಗಾದ್ರೆ ರೊಟ್ಟಿಯವನಿಗೂ ಮಸೀದಿ ಮುದುಕರಿಗೂ ಮೊದಲೇ ಪಾಠ ಹೇಳಿಕೊಟ್ಟಿರ್ತಾನೆ. ಗೊತ್ತಿದ್ದೋನ ಬೀದೀಲಿ ಕೇಳಿ ಏನು ಬಂತು?”

ನಝೀಹಾ ನನ್ನ ಕಡೆ ನೋಡಿದಳು. ಕೆಡಿಸಿದವನು ನಾನು, ನಾನೇ ಮಾತಾಡಬೇಕಾಯಿತು.

“ತೀಜಾನಿ, ನನ್ನ ಮಾವ ಬೆಂಚಿನ ಮೇಲೆ ಕೂತ ಮೊದಲನೇ ದಿನವೇ ಅವರು ಯಾರು ಅಂತ ನನಗೆ ಗೊತ್ತಾಗಿತ್ತು ಕಣೋ. ಎರಡು ಗಾಡಿ ಹತ್ತದೆ ಬಿಟ್ಟೋನು ಪ್ರಯಾಣಿಕ ಹೇಗಾಗ್ತಾನೆ?”

“ಏನು ಮಾಡಿದೆ ಮತ್ತೆ?”

“ಟೋಪಿ ಒರೆಸಿ ಹಾಕ್ಕೊಂಡೆ. ಗಾಡಿಗಳನ್ನ ಹೊತ್ತಿಗೆ ಸರಿಯಾಗಿ ಬಿಟ್ಟೆ. ಇನ್ನೇನು ಮಾಡೋಕಾಗುತ್ತೆ? ಇಡೀ ಊರಿಗೆ ಪಾಠ ಹೇಳಿಕೊಡೋಕಾಗುತ್ತಾ?”

“ಇದು ನಿನ್ನ ಹೆಂಡತಿಗೆ ಗೊತ್ತಾ?”

“ನಮ್ಮಪ್ಪನಿಗೂ ಗೊತ್ತಿತ್ತು,” ಅಂದಿತು ಅಡಿಗೆಮನೆಯಿಂದ ನನ್ನ ಹೆಂಡತಿಯ ದನಿ. “ಎರಡು ದಿನ ಬಗ್ಗಿ ಬಗ್ಗಿ ನೀರು ಕೊಟ್ಟರಂತೆ. ಅಷ್ಟು ನೀರು ಯಾವ ಸ್ಟೇಷನ್ ಮಾಸ್ತರೂ ಕೊಡೋಲ್ಲ ಅಂತ ಅಪ್ಪ ನಗ್ತಿದ್ದರು.”

ನಝೀಹಾ ನಕ್ಕಳು. ತೀಜಾನಿ ನಗಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ನಾನು ಗೆರೆ ಎಳೆದು ಬರೆದಿದ್ದ ಕಾಗದವನ್ನು ಹೊರತೆಗೆದು ನನ್ನ ತೊಡೆಯ ಮೇಲಿಟ್ಟ, ಮೊದಲ ದಿನ ಆ ಹಾಳೆಯನ್ನು ಇಟ್ಟ ಜಾಗದಲ್ಲೇ.

ಬಾಗಿಲವರೆಗೆ ಹೋಗಿ ನಿಂತ. ಮಗಳ ಮುಖ ನೋಡದೆ, ಅಂಜೂರದ ಮರಕ್ಕೆ ಹೇಳುವವನಂತೆ ಹೇಳಿದ: “ಡಬ್ಬಿ ಮುಚ್ಚಳ ಬಿಗಿ. ಸುತ್ತಲೂ ಎರಡು ಸುತ್ತು ಟೇಪ್ ಅಂಟಿಸು, ವಿಮಾನದಲ್ಲಿ ಸೋರಬಾರದು.”

ಅವಳು ಆಗಲೇ ಓಡಲು ಹೊರಟಿದ್ದಳು.

“ತಾಳು,” ಅಂದ. “ಅದು ಮಾರ್ಸೇಲಿನವರೆಗೆ ಮಾತ್ರ. ಮುಂಜಿಯಾ ಮನೇಲಿ ಇರಲಿ. ರೊಟ್ಟಿಯವನನ್ನ ನಾನೇ ಕೇಳಿ ಫೋನ್ ಮಾಡಿದ ಮೇಲೆ ಅವಳು ರೈಲಿಗೆ ಹಾಕಲಿ.”