ನಿಜಗುಣಪ್ಪನ ಪಂಪು

ಗಂಡನ ಮಣ್ಣಿಗೆಂದು ಬಂದವರೆಲ್ಲ ಮೊದಲ ಬಸ್ಸಿಗೇ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ ಆದ ಮೊದಲ ಬೆಳಗು. ನಳದ ನೀರು ಬಂತು, ತುಂಬಿಸಿದೆ. ಅಳು ಬರಲಿಲ್ಲ.

"ಏ ಪರಪ್ಪನ ಹೇಂತಿ! ಅದೀಯೇನು ಒಳಗ?"

ಎದುರು ಮನೆಯ ನಿಜಗುಣಪ್ಪ. ಬಾಯಿ ತುಂಬ ತಂಬಾಕು. ತೀರಿಕೊಂಡವರ ಬಗ್ಗೆ ಒಂದು ಮಾತಾದರೂ ಆಡುತ್ತಾನೆ ಅಂದುಕೊಂಡು ಬಾಗಿಲಿಗೆ ಬಂದೆ. ಅವನು ಕತ್ತು ಹೊರಳಿಸಿ ನಮ್ಮ ಮನೆಯ ಗೋಡೆಗೆ ಉಗುಳಿದ. ಮೊನ್ನೆ ಮಣ್ಣಿಗೆ ಒಯ್ಯುವ ಮೊದಲು ನನ್ನ ಗಂಡನನ್ನು ಮಲಗಿಸಿದ್ದು ಆ ಗೋಡೆಯ ಬುಡದಲ್ಲೇ.

"ನಮ್ಮ ಸೈಕಲ್ ಪಂಪ್ ನಿಮ್ಮಲ್ಲೇ ಉಳದೈತಿ."

"ಹೌದ್ರಿ. ತಡೀರಿ, ಕೊಡ್ತೇನಿ."

"ಈಗ ಬ್ಯಾಡ. ಸೂತಕದ ಮನ್ಯಾಗಿಂದು. ತೊಳದು ತಂದು ನಮ್ಮ ಕಟ್ಟಿ ಮ್ಯಾಲ ಇಡು."

ಹೇಳಿ ಹೊರಟ. ತಂಬಾಕಿನ ರಸ ಗೋಡೆಯ ಮೇಲೆ ಇಳಿಯುತ್ತಿತ್ತು. ನೀರು ಹಾಕಿ ಉಜ್ಜಿದೆ.

ಪರಪ್ಪ ಸವದತ್ತಿಯಿಂದ ಹೂಲಿಯ ಶಾಲೆಗೆ ಸೈಕಲ್ಲಿನಲ್ಲಿ ಹೋಗಿ ಪಾಠ ಹೇಳಿ ಬರುತ್ತಿದ್ದರು. ಪಂಪು ಬೇಕಾದಾಗ ಎದುರು ಮನೆಯ ಕಟ್ಟೆಯ ಕೆಳಗೆ ನಿಂತು ಕೇಳುತ್ತಿದ್ದರು. ನಿಜಗುಣಪ್ಪ ಅದನ್ನು ಕಟ್ಟೆಯ ಮೇಲೆ ಇಡುತ್ತಿದ್ದ, ಕೈಗೆ ಕೊಡುತ್ತಿರಲಿಲ್ಲ. ಬೌದ್ಧರಾಗಿ ವರ್ಷಗಳಾಗಿದ್ದರೂ ಅವನ ಪಾಲಿಗೆ ನಾವು ಕೇರಿಯವರೇ. ಇವರು ಪಂಪನ್ನು ಒರೆಸಿ, ಎಣ್ಣೆ ಹಾಕಿ, ಮತ್ತೆ ಅಲ್ಲೇ ಇಟ್ಟು "ಭಾಳ ಉಪಕಾರ ಆತ್ರಿ" ಎನ್ನುತ್ತಿದ್ದರು. ಅತ್ತಲಿಂದ ಹೂಂ ಎಂಬ ಸದ್ದೂ ಬರುತ್ತಿರಲಿಲ್ಲ.

"ನಾವು ಛಲೋತ್ನಾಗಿ ಮಾತಾಡಿಕೋತ ಹೋದ್ರ ಅವರೂ ಒಂದಿನ ಮಾತಾಡ್ತಾರ" ಎನ್ನುವುದು ಇವರ ನಂಬಿಕೆ.

"ಯಾವಾಗ?" ಎಂದು ಕೇಳಿದ್ದೆ.

"ಪಂಪ್ ಸವಿಯೂದ್ರಾಗ" ಎಂದು ನಕ್ಕಿದ್ದರು.

ಪಂಪು ಇನ್ನೂ ಸವೆದಿರಲಿಲ್ಲ. ನಾನು ಅದನ್ನು ತೊಳೆಯಲಿಲ್ಲ; ಒರೆಸಿ ತೆಗೆದುಕೊಂಡು ಹೋದೆ. ನಿಜಗುಣಪ್ಪ ಕಟ್ಟೆಯ ಮೇಲೆ ಕೂತು ಬಸಿಯಿಂದ ಸೊರ್ರೆಂದು ಚಹಾ ಹೀರುತ್ತಿದ್ದ.

"ಅಲ್ಲೇ ಇಡು."

"ಕೈಯಾಗ ತಗೋರಿ."

"ಯಾಕ? ಕೆಳಗ ಇಟ್ರ ನಿನ್ನ ಬಿ.ಎ. ಉದುರಿ ಬೀಳತೈತೇನು?"

ಒಳಗೆ ಅವನ ಹೆಂಡತಿ ಇಂದ್ರವ್ವ ಕಿಸಕ್ಕನೆ ನಕ್ಕಳು.

"ನಮ್ಮವರು ಸತ್ರು. ನೀವು ಅಯ್ಯೋ ಅಂತ ಸೈತ ಅನಲಿಲ್ಲ. ಇದನ್ನರ ಕೈಯಾಗ ತಗೋರಿ."

ಪಂಪನ್ನು ಮುಂದೆ ಚಾಚಿ ನಿಂತೆ. ಹಾಲು ಹಾಕುವ ಬಸವಣ್ಣೆಪ್ಪ ಸೈಕಲ್ಲಿನಿಂದ ಇಳಿದು ನೋಡತೊಡಗಿದ.

"ಇಸಗೋರಿ ಸಾವಕಾರ್ರ, ಅಕ್ಕಾರ ಕೈ ನೋಯಾಕ ಹತ್ತ್ಯಾವು" ಎಂದ.

ಇಂದ್ರವ್ವ ಹೊಸ್ತಿಲಿಗೆ ಬಂದು ನಿಂತಳು. ಈಗ ನಗುತ್ತಿರಲಿಲ್ಲ.

ನಿಜಗುಣಪ್ಪ ಎದ್ದು ಬಂದು, ಪಂಪಿನ ರಬ್ಬರ್ ಕೊಳವೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಸತ್ತ ಇಲಿಯ ಬಾಲವನ್ನು ಹಾಗೆ ಹಿಡಿಯುತ್ತಾರೆ. ನಾನು ಬಿಡಲಿಲ್ಲ. ಇನ್ನೊಮ್ಮೆ ಎಳೆದ. ಕೊನೆಗೆ ಅವನ ಕೈ ಹಿಡಿಕೆಗೆ ಬಂದು ನನ್ನ ಬೆರಳಿಗೆ ತಾಗಿತು. ಬೆವೆತು ಜಿಗುಟಾಗಿತ್ತು. ಮೈಯೆಲ್ಲ ಹೇಸಿತು.

ಅವನ ಮುಷ್ಟಿ ಪೂರ್ತಿ ಮುಚ್ಚುವ ತನಕ ಕಾದು, ಆಮೇಲೆ ಬಿಟ್ಟೆ.