ಪಕ್ಕಾ ಸೂರು

"ಏ ಬಂಗಾರೀ, ಆ ಪಾತ್ರೆ ತೆಗೀತ್ಯಾ, ಇಲ್ಲ ನಾನೇ ಒದೀಬೇಕಾ? ನನ್ನಬ್ಬೆ ಹೆಸರಿನ ಬುಡದಲ್ಲೇ ಬಳಚು ಬೇಯ್ಸೂಕೆ ಬೇಕಾತೇನೆ ನಿಂಗೆ, ಹಡಬೆ!"

ಉತ್ತರಕ್ಕೆ ಕಾಯುವ ಜಾಯಮಾನ ಮಾಬ್ಲೇಶ್ವರ ಒಡೆಯರದ್ದಲ್ಲ. ಬಂಗಾರಿ ಬಾಗುವಷ್ಟರಲ್ಲಿ ಚಪ್ಪಲಿಗಾಲು ಪಾತ್ರೆಗೆ ಬಿದ್ದಾಗಿತ್ತು. ಬೆಳಗಿನ ಇಳಿತದಲ್ಲಿ ಹೊಳೆಯ ಕೆಸರಿನಲ್ಲಿ ಕೂತು ಹೆಕ್ಕಿ ತಂದ ಬಳಚು ಬಿಸಿನೀರಿನ ಸಮೇತ ನೆಲದ ತುಂಬ ಚೆಲ್ಲಿತು. ಬೆಂದು ಬಾಯಿಬಿಟ್ಟ ಚಿಪ್ಪುಗಳು ಸಿಮೆಂಟಿನ ಮೇಲೆ ಉರುಳುತ್ತ ಹೆದ್ದಾರಿಯ ಅಂಚಿನವರೆಗೂ ಹೋದವು. ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿದ್ದ ಅತ್ತೆ ಸೋಮಿಯ ಕಾಲಿಗೂ ಬಿಸಿ ಸಿಡಿಯಿತು. ಮುದುಕಿ ಕಾಲೆಳೆದುಕೊಂಡಳು.

ಕರ್ಕಿ ದಾಟಿ ಕುಮಟೆಯ ಕಡೆ ಹೋಗುವಾಗ ಎಡಕ್ಕೆ ಸಿಗುವ ತಂಗುದಾಣ ಅದು. ಬಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಹಿಂದಿನ ಗೋಡೆಯಲ್ಲಿ ಅಮೃತಶಿಲೆಯ ಹಲಗೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಒಡೆಯರ ತಾಯಿ ದಿವಂಗತ ಗಂಗಾಬಾಯಿಯ ಹೆಸರು. ರಸ್ತೆ ಅಗಲ ಮಾಡುವಾಗ ಒಡೆಯರ ತೆಂಗಿನ ಹಿತ್ತಲಿನ ಅಂಚು ಹೋಯಿತು. ಆ ಅಂಚಿನಲ್ಲೇ ಬಂಗಾರಿಯ ಗಂಡ ಕುಪ್ಪನ ಅಜ್ಜ ಕಟ್ಟಿದ ಗುಡಿಸಲಿತ್ತು. ಹಿತ್ತಲಿಗೆ ಪರಿಹಾರ ಬಂತು, ಗುಡಿಸಲಿಗೆ ಜೆಸಿಬಿ ಬಂತು. ಪರಿಹಾರದಲ್ಲೊಂದಿಷ್ಟು ಮುರಿದು ಒಡೆಯರು ತಾಯಿಯ ಹೆಸರಿಗೆ ತಂಗುದಾಣ ಕಟ್ಟಿಸಿದರು. ಹೋಗಲು ಜಾಗವಿಲ್ಲದ ಮೂವರು ಬಂದು ಅದರೊಳಗೇ ಕೂತರು.

ಇವತ್ತು ಒಡೆಯರ ಹಿಂದೆ ಜಯಶ್ರೀ ಫೋನು ಹಿಡಿದು ನಿಂತಿದ್ದಳು. ಸೂರಿಲ್ಲದವರಿಗೆ ಮನೆ ಕೊಡಿಸುವ ಸೇವಾ ಬಳಗಕ್ಕೆ ಒಡೆಯರೇ ಅಧ್ಯಕ್ಷರು, ಜಯಶ್ರೀ ಅಲ್ಲಿ ಪಗಾರಕ್ಕಿದ್ದ ಹುಡುಗಿ. ಗುಡ್ಡದ ಬುಡದಲ್ಲಿ ಬಳಗ ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು ಇನ್ನೂ ಖಾಲಿ ಇತ್ತು. ಆ ಒಂದಕ್ಕಾಗಿ ಬಂಗಾರಿ ಬಳಗದ ಆಫೀಸಿನ ಮೆಟ್ಟಿಲು ಸವೆಸಿದ್ದಳು.

"ಗೋಡೆ ಎಂತದ್ದು ಅಕ್ಕಾ?" ಫೋನಿನಲ್ಲೇ ಅರ್ಜಿ ತುಂಬುತ್ತ ಜಯಶ್ರೀ ಕೇಳಿದಳು.

"ಕಾಣ್ತದಲೆ. ಕಲ್ಲಿಂದು."

"ನೆಲ?"

"ಸಿಮೆಂಟು. ಬಳಚು ಬಿದ್ದಲ್ಲಿ ನೋಡು."

ಜಯಶ್ರೀ ತಲೆಯೆತ್ತಿ ಮಾಡು ನೋಡಿದಳು, ಆರ್‌ಸಿಸಿ ಅಂತ ಒತ್ತಿದಳು. ಫೋನಿನಲ್ಲಿ ಕೆಂಪು ಪಟ್ಟಿ ಬಂತು.

"ತಗೊಳ್ಳೂದಿಲ್ಲ ಅಕ್ಕಾ. ಪಕ್ಕಾ ಮನೆ ಇದ್ದವ್ರು ಅಂತ ತೋರಿಸ್ತದೆ."

"ಯಾರ್ ಮನೆಯೇ? ಮೂರು ಬದಿ ಗೋಡೆ, ಒಂದು ಬದಿ ಲಾರಿ. ನಿನ್ನಪ್ಪ ಮದ್ವೆ ಮಾಡಿ ಇಂಥದ್ರೊಳಗೆ ಕಳಿಸ್ತ್ನಾ ನಿನ್ನ?"

ಜಯಶ್ರೀಯ ಮುಖ ಕೆಂಪಾಯಿತು. "ನಾನ್ ಕೇಳೂದಲ್ಲ, ಫೋನ್ ಕೇಳೂದು."

ಒಡೆಯರು ಹೊಟ್ಟೆ ಕುಲುಕಿಸಿ ನಕ್ಕರು. "ಆರ್‌ಸಿಸಿ ಕೆಳಗೆ ಕಾಲು ಚಾಚಿ ಮನೆ ಇಲ್ಲ ಅಂದ್ರೆ ಯಾರ್ ನಂಬ್ತಾರೆ? ನನ್ ಮನೆಗೇ ಹಂಚಿನ ಮಾಡು ಮಾರಾಯ್ತಿ!"

ಅವರು ಜೀಪು ಹತ್ತಿದ ಮೇಲೆ ಜಯಶ್ರೀ ದನಿ ತಗ್ಗಿಸಿದಳು. "ಸ್ವಲ್ಪ ದಿನ ಆ ರಸ್ತೆಯಂಚಿನ ಗೇರುಮರದ ಬುಡದಲ್ಲಿ ಪ್ಲಾಸ್ಟಿಕ್ ಕಟ್ಟಿ ಇರಿ. ನಾನೇ ಬಂದು ಬೇರೆ ಫೋಟೊ ತೆಗೀತೆ."

"ಮಳೆ ಬತ್ತದಲೆ ತಂಗಿ. ಅತ್ತೆ ಎದೆ ಈಗ್ಲೇ ಗೊರಗೊರ ಅಂತದೆ."

"ಮಳೆಯಲ್ಲಿದ್ರೇ ಚಲೋ ಅಕ್ಕಾ. ಫೋಟೊದಲ್ಲಿ ಚಂದ ಕಾಣ್ತದೆ."

*

ಮರುದಿನವೇ ತಂಗುದಾಣ ತೊಳೆಯಬೇಕೆಂದು ಒಡೆಯರ ಹೇಳಿಕೆ ಬಂತು. ತೊಳೆಯುವವರು ಯಾರು? ಬಂಗಾರಿಯೇ. ಕುಪ್ಪ ಸಗಣಿ ಹೊತ್ತ, ನೀರು ಹೊತ್ತ. ಒಡೆಯರ ಎದುರು ಹೆಗಲ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡು "ಹ್ಞೂಂ ಒಡೆಯಾ" ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡಿ ಗೊತ್ತಿದ್ದವನಲ್ಲ ಅವನು. ಒಡೆಯರ ಕೊಟ್ಟಿಗೆಯಲ್ಲಿ ದನ ಸತ್ತರೆ ಕುಪ್ಪ ಎತ್ತಬೇಕು. ಕಡಲ ದಂಡೆಗೆ ಅನಾಥ ಹೆಣ ಬಂದರೂ ಪೊಲೀಸರು ಒಡೆಯರಿಗೆ ಹೇಳಿ ಕುಪ್ಪನನ್ನೇ ಕರೆಸಬೇಕು. ಅವನ ಅಪ್ಪನೂ ಎತ್ತಿದ್ದ, ಅಜ್ಜನೂ ಎತ್ತಿದ್ದ.

ಬಂಗಾರಿ ಮೊಣಕಾಲೂರಿ ನೆಲ ತಿಕ್ಕಿದಳು, ಗೋಡೆ ತಿಕ್ಕಿದಳು, ಗಂಗಾಬಾಯಿಯ ಹೆಸರನ್ನೂ ತಿಕ್ಕಿದಳು. ಮುಗಿದ ಮೇಲೆ ಭಟ್ಟರು ಬಂದರು.

"ಆತಾ? ದೂರ ಹೋಗಿ ನಿಂತ್ಕೊ. ಇನ್ನೂ ಆಚೆ. ನೆರಳು ಬೀಳ್ತದೆ."

ಕುಪ್ಪ ಪ್ಲಾಸ್ಟಿಕ್ಕು ಕಟ್ಟಿದ್ದ ಗೇರುಮರದ ಬುಡಕ್ಕೆ ಅವಳು ಹೋದಳು. ಅವಳು ತೊಳೆದ ನೆಲದ ಮೇಲೆ ಭಟ್ಟರು ಮಾವಿನೆಲೆಯಿಂದ ನೀರು ಚಿಮುಕಿಸುತ್ತ ಅವಳನ್ನು ತೊಳೆದುಹಾಕಿದರು.

ನೀಲಿ ಪ್ಲಾಸ್ಟಿಕ್ಕಿನ ಕೆಳಗೆ ಸೋಮಿ ಅದನ್ನು ನೋಡುತ್ತಲೇ ಮಲಗಿದ್ದಳು. ಗಂಗಾಬಾಯಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಸೊಸೆಯಂದಿರು ಮೂಗು ಮುಚ್ಚಿಕೊಂಡು ಒಳಗೆ ಹೋಗಿದ್ದರು. ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಮಲ ಬಳಿದವಳು, ಮೈ ಒರೆಸಿದವಳು ಸೋಮಿ. ಅಷ್ಟು ದಿನ ಮೈಲಿಗೆಯ ಮಾತು ಎತ್ತಿದವರಿರಲಿಲ್ಲ.

"ನೋಡೇ ಬಂಗಾರಿ," ಮುದುಕಿ ಕೆಮ್ಮುತ್ತ ನಕ್ಕಳು, "ಅವ್ಳ ಹೆಸ್ರು ಕಲ್ಲಿನ್ ಮೇಲೆ, ಅವ್ಳ ಹೇಲು ನನ್ ಕೈ ಮೇಲೆ. ಯಾವ್ದು ಗಟ್ಟಿ ಉಳೀತದೆ ಹೇಳು?"

"ಸುಮ್ನಿರು ಅತ್ತೆ. ಮಾತಾಡ್ರೆ ಕೆಮ್ಮು ಬತ್ತದೆ."

"ಸುಮ್ನಿದ್ರೂ ಬತ್ತದೆ."

ಮಳೆ ಶುರುವಾಯಿತು. ಗೇರುಮರದ ಹನಿ, ಲಾರಿಗಳು ಎರಚುವ ಕೆಸರು, ಕೆಳಗಿನಿಂದ ಏಳುವ ಥಂಡಿ. ಕಟ್ಟಿದ ಪ್ಲಾಸ್ಟಿಕ್ಕು ಗಾಳಿಗೆ ಹರಿಯಿತು, ಕುಪ್ಪ ಮತ್ತೆ ಕಟ್ಟಿದ, ಮತ್ತೆ ಹರಿಯಿತು. ಎದುರಿಗೇ ತಂಗುದಾಣ ಒಣಗಿ ಬೆಳ್ಳಗೆ ನಿಂತಿತ್ತು, ಬಾಯಿಗೆ ಸರಪಳಿ ಕಟ್ಟಿಸಿಕೊಂಡು. ಬಂಗಾರಿ ಜಯಶ್ರೀಗೆ ಫೋನು ಮಾಡಿದರೆ, "ಮಳೆಗೆ ಲೊಕೇಶನ್ ಸಿಗ್ತಿಲ್ಲ ಅಕ್ಕಾ, ಹೊಳವಾದ ಮೇಲೆ ಬತ್ತೆ."

*

ಜಯಶ್ರೀ ಬಂದಾಗ ಸೋಮಿ ಗಂಜಿ ನುಂಗುವುದನ್ನೂ ಬಿಟ್ಟಿದ್ದಳು.

"ಮೂರೂ ಜನ ಕಾಣ್ಬೇಕು. ಅಜ್ಜೀನ ಎತ್ತಿ ಕೂರಿಸಿ."

ಕುಪ್ಪ ಹಿಂದಿನಿಂದ ತಾಯಿಯ ಕಂಕುಳಿಗೆ ಕೈಹಾಕಿ ಎತ್ತಿ ಹಿಡಿದ. ತಲೆ ಎದೆಗೆ ಜೋತುಬಿತ್ತು.

"ಕಣ್ಣು ಬಿಡ್ಬೇಕು ಅಜ್ಜಿ. ಒಂದ್ಸಲ ಮಿಟುಕಿಸ್ಬೇಕು. ಮಿಟುಕಿಸದಿದ್ರೆ ಜೀವಂತ ಇದ್ದೀರಿ ಅಂತ ಫೋನ್ ಒಪ್ಪೂದಿಲ್ಲ."

"ಅತ್ತೇ, ಕಣ್ಣು ಬಿಡೇ. ಮನೆ ಸಿಕ್ತದೆ, ಒಂದ್ ಮಿಟುಕು."

ಬಂಗಾರಿ ಒದ್ದೆ ಬೆರಳಿನಿಂದ ಅತ್ತೆಯ ರೆಪ್ಪೆ ಎತ್ತಿ ಹಿಡಿದಳು, ಬಿಟ್ಟಳು. ಫೋನು ಒಪ್ಪಲಿಲ್ಲ. ಮತ್ತೆ ಎತ್ತಿದಳು, ಬಿಟ್ಟಳು. ಮುದುಕಿಯ ಕಣ್ಣಿನ ಬಿಳಿ ಮಾತ್ರ ಕಂಡಿತು. ಆಗ ಎಲ್ಲಿಂದ ಶಕ್ತಿ ತಂದಳೋ, ಸೋಮಿ ತಾನಾಗಿ ಕಣ್ಣು ತೆರೆದು, ಫೋನನ್ನು ನೆಟ್ಟಗೆ ನೋಡಿ, ಮಿಟುಕಿಸಿ, "ನಿನ್ನಜ್ಜಿ ತಲೆ!" ಅಂದಳು.

ಹಸಿರು ಪಟ್ಟಿ ಬಂತು. ಕುಪ್ಪ ಅಳುತ್ತಲೇ ನಕ್ಕ. ಮರುಕ್ಷಣ ಜಯಶ್ರೀ ತುಟಿ ಕಚ್ಚಿದಳು. ಹಸಿರಿನ ಮೇಲೆ ಕೆಂಪು ಹತ್ತಿತ್ತು. ಹಿಂದೆ ಪಕ್ಕಾ ಮನೆ ಎಂದು ದಾಖಲಾಗಿದ್ದು ಅಳಿಸುವುದಿಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಬಂಗಾರಿ ಕೇಳಿದಳು.

"ಇಲ್ಲ ಅಕ್ಕಾ, ದೇವರಾಣೆ. ಒಡೆಯರಿಗೆ ಕೇಳಿದ್ದೆ, ನೋಡ್ವ ಅಂದಿದ್ರು..." ಜಯಶ್ರೀ ಕೊಡೆಯ ಹಿಡಿ ತಿರುಗಿಸಿದಳು. "ನಾಳೆ ಬೀಗದ ಕೈ ಕೊಡೂ ಕಾರ್ಯಕ್ರಮ. ಆ ಮನೆ ಮೋಹನಂಗೆ ಹೋತು."

ಮೋಹನ ಒಡೆಯರ ಜೀಪಿನ ಡ್ರೈವರ್. ಹೊನ್ನಾವರದಲ್ಲಿ ಅವನಿಗೆ ಹಂಚಿನ ಮನೆಯಿತ್ತು. ಅದನ್ನು ಬಾಡಿಗೆಗೆ ಕೊಟ್ಟಿದ್ದ.

*

ಬೆಳಗಿನ ಜಾವ ಸೋಮಿಯ ಉಸಿರು ಗಂಟಲಿಗೆ ಬಂತು. ಬಾಯೊಳಗೂ ಮಳೆಹನಿ ಬೀಳುತ್ತಿತ್ತು.

"ಹಿಡಿ," ಬಂಗಾರಿ ಗಂಡನಿಗೆ ಹೇಳಿದಳು. "ಒಳಗ್ ಮಲಗ್ಸುವ."

"ಸರಪಳಿ ಅದೆ. ಒಡೇರು ಕೊಂದ್ ಹಾಕ್ತ್ರು ಕಣೆ."

"ಕೊಲ್ಲೂಕೆ ಎಂತ ಉಳ್ದದೆ ಇಲ್ಲಿ? ಹಿಡೀತ್ಯಾ ಇಲ್ವಾ, ಷಂಡ?"

ಸರಪಳಿಯ ಕೆಳಗಿನಿಂದ ತೂರಿಸಿ ಒಳಗೆ ತಂದರು. ಕಾರ್ಯಕ್ರಮಕ್ಕೆಂದು ಹಿಂದಿನ ಸಂಜೆಯೇ ಕೆಂಪು ಜಮಖಾನ ಹಾಸಿ, ಕುರ್ಚಿ ಜೋಡಿಸಿ, ಗಂಗಾಬಾಯಿಯ ಹಲಗೆಗೆ ಸೇವಂತಿಗೆ ಮಾಲೆ ಹಾಕಿದ್ದರು. ಗುಡ್ಡದ ದಾರಿ ಕೆಸರು, ಅತಿಥಿಗಳು ಹೆದ್ದಾರಿಯಲ್ಲಿ ಬರುವವರು. ಹಾಗಾಗಿ ಇಲ್ಲೇ ಸಮಾರಂಭ. ಬಂಗಾರಿ ಜಮಖಾನದ ಮೇಲೆ ಅತ್ತೆಯನ್ನು ತೆಂಕಲಿಗೆ ತಲೆಮಾಡಿ ಮಲಗಿಸಿದಳು. ಒಣ ಹಾಸು ಬೆನ್ನಿಗೆ ತಾಗಿದ್ದೇ ಮುದುಕಿಯ ಉಸಿರು ಹೋಯಿತು.

ಮನೆಯಲ್ಲಿ ಜೀವ ಹೋದರೆ, ಹೋದ ಜಾಗದಲ್ಲೇ ದೀಪ ಇಡಬೇಕು. ಸೂತಕ ಕಳೆಯುವ ಹನ್ನೊಂದನೇ ದಿನದವರೆಗೆ ಅದು ಆರಬಾರದು, ಜಾಗ ಬದಲಾಗಬಾರದು. ಬಂಗಾರಿ ತೆಂಗಿನ ಗೆರಟೆಗೆ ಎಣ್ಣೆ ಹೊಯ್ದು, ಸೆರಗಿನ ಅಂಚು ಹರಿದು ಬತ್ತಿ ಹೊಸೆದು ಹಚ್ಚಿದಳು.

ಬೆಳಕು ಹರಿದು ಒಡೆಯರ ಜೀಪು ಬಂತು. ಜರಿ ಶಾಲು, ಹಣೆಗೆ ಗಂಧ. ಹಿಂದೆ ಬಿಳಿ ಅಂಗಿಯ ಮೋಹನ, ಭಟ್ಟರು, ತಟ್ಟೆಯಲ್ಲಿ ಬೀಗದ ಕೈ ಹಿಡಿದ ಜಯಶ್ರೀ. ಒಡೆಯರು ಎರಡು ಮಾರು ದೂರದಲ್ಲೇ ನಿಂತು ಶಾಲಿನಿಂದ ಮೂಗು ಮುಚ್ಚಿದರು.

"ಎಂತ ಮಾಡ್ಬಿಟ್ರಿ, ಬೋಳಿಮಕ್ಳಾ! ಅತಿಥಿಗಳು ಕುಮಟೆ ಬಿಟ್ಟಾತು! ಹೆಣ ಎತ್ತೇ ಹೊರಗೆ!"

"ಎತ್ತೂದಿಲ್ಲ. ನಮ್ಮ ಮನೆ."

"ನಿನ್ನಪ್ಪ ಕಟ್ಟಿದ್ನೇನೆ ಮನೆ?"

"ನೀವೇ ಬರೆಸಿದ್ದು." ಬಂಗಾರಿ ಜಯಶ್ರೀಯ ಕಡೆ ತಿರುಗಿದಳು. "ಓದು ತಂಗಿ. ಗಟ್ಟಿಯಾಗಿ."

ಜಯಶ್ರೀ ಒಡೆಯರ ಮುಖ ನೋಡಿದಳು, ಸೋಮಿಯ ಅರೆತೆರೆದ ಕಣ್ಣು ನೋಡಿದಳು. ಫೋನು ತೆಗೆದಳು. ಓದಿದಳು. "ಬಂಗಾರಿ ಕುಪ್ಪ. ವಾಸ, ಪಕ್ಕಾ ಮನೆ. ಗೋಡೆ ಕಲ್ಲು. ಮಾಡು ಆರ್‌ಸಿಸಿ."

"ಅಳಿಸೂಕೆ ಬರೂದಿಲ್ಲ ಅಲ್ದಾ?"

"ಬರೂದಿಲ್ಲ ಅಕ್ಕಾ."

"ಬಾಯಿ ಮುಚ್ಚು ರಂಡೆ!" ಒಡೆಯರು ಜಯಶ್ರೀಗೆ ಕೂಗಿದರು. "ಮೋಹನಾ, ಎಳ್ದು ಹಾಕು ಅದನ್ನ!"

ಮೋಹನ ತನ್ನ ಬಿಳಿ ಅಂಗಿ ನೋಡಿಕೊಂಡ. "ನಾನ್ ಮುಟ್ಟೂದಾ ಒಡೇರೆ? ನಮ್ಮಲ್ಲಿ ಅದೆಲ್ಲ..." ಅಂತ ಜೀಪಿನ ಹಿಂದೆ ಸರಿದ. ಭಟ್ಟರು ಆಗಲೇ ಜೀಪಿನೊಳಗೆ ಕೂತು ಗಾಜು ಏರಿಸಿಕೊಂಡಿದ್ದರು.

ದೂರದಲ್ಲಿ ಹಾರ್ನು ಕೇಳಿಸಿತು. ಒಡೆಯರ ದನಿ ತಟ್ಟನೆ ಮೆತ್ತಗಾಯಿತು.

"ಕುಪ್ಪಾ. ಬಾರೋ ಇಲ್ಲಿ. ನೀ ಎತ್ತೋ."

ಕುಪ್ಪನ ಕೈ ಅಭ್ಯಾಸಬಲದಿಂದ ಹೆಗಲ ಟವೆಲಿಗೆ ಹೋಯಿತು. ಬಂಗಾರಿ ಅವನನ್ನೇ ನೋಡಿದಳು. ಕುಪ್ಪ ಟವೆಲು ತೆಗೆದ. ಸಾಲಿನ ನಡುವಿದ್ದ ಒಡೆಯರ ಹೆಸರಿನ ಚೀಟಿ ಅಂಟಿಸಿದ ಕುರ್ಚಿಯನ್ನು ಅದರಲ್ಲೇ ಒರೆಸಿದ. ಆಮೇಲೆ ಟವೆಲನ್ನು ತಲೆಗೆ ಸುತ್ತಿಕೊಂಡು, ತಾಯಿಯ ತಲೆಯ ಬಳಿಗೆ ಕುರ್ಚಿ ಎಳೆದು ಕೂತ. ಕಾಲ ಮೇಲೆ ಕಾಲು ಹಾಕಿದ.

ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಬಾಗಿಲು ಯಾವುದೂ ತೆರೆಯಲಿಲ್ಲ. ಜರಿ ಶಾಲಿನಿಂದ ಮಳೆನೀರು ಸೋರುತ್ತಿದ್ದ ಒಡೆಯರು ಕಾರಿನ ಗಾಜುಗಳನ್ನೂ ಹೆಣವನ್ನೂ ನೋಡುತ್ತ, ತಾವೇ ಕಟ್ಟಿಸಿದ ಮಾಡಿನ ಹೊರಗೆ ನಿಂತಿದ್ದರು.

ಬಂಗಾರಿ ಹಲಗೆಯ ಮೇಲಿನ ಸೇವಂತಿಗೆ ಮಾಲೆ ಕಿತ್ತು ಅತ್ತೆಯ ಎದೆಗೆ ಹಾಕಿದಳು. ದೀಪಕ್ಕೆ ಇನ್ನಷ್ಟು ಎಣ್ಣೆ ಹೊಯ್ದಳು.